ಇವರನ್ನು ನಾನು ಬಲ್ಲೆ

ಈ ಊರಿನಲ್ಲಿ ಅತಿ ಹೆಚ್ಚು ಜನರನ್ನು ಬಲ್ಲವನು ನಾನೇ. ಜಂಬವಲ್ಲ, ದಾಖಲೆ ಇದೆ. ನೋಟರಿ ಕಚೇರಿಯಲ್ಲಿ ನನ್ನ ಕೆಲಸವೇ ಅದು. ಬಂದವರ ಪ್ರಮಾಣಪತ್ರದ ಕೊನೆಯಲ್ಲಿ ‘ಇವರನ್ನು ನಾನು ಬಲ್ಲೆ’ ಎಂದು ಅಚ್ಚಾಗಿರುವ ಸಾಲಿನ ಕೆಳಗೆ ಸಹಿ ಹಾಕುವುದು. ದಿನಕ್ಕೆ ಇಪ್ಪತ್ತು, ಸೋಮವಾರವಾದರೆ ಮೂವತ್ತು. ಬಾಡಿಗೆ ಕರಾರಿನವರು, ಅಂಕಪಟ್ಟಿ ಕಳೆದುಕೊಂಡವರು, ಹೊರದೇಶದಲ್ಲಿ ಮದುವೆಯಾಗಲು ‘ನನಗೆ ಇದುವರೆಗೆ ಮದುವೆಯಾಗಿಲ್ಲ’ ಎಂದು ಪ್ರಮಾಣ ಮಾಡುವವರು, ಎಲ್ಲರನ್ನೂ ನಾನು ಬಲ್ಲೆ. ಅವರಲ್ಲಿ ಒಬ್ಬರೂ ಮರುದಿನ ರಸ್ತೆಯಲ್ಲಿ ಸಿಕ್ಕಾಗ ನನ್ನನ್ನು ನೋಡಿ ನಕ್ಕದ್ದಿಲ್ಲ. ನಾನೂ ನಕ್ಕದ್ದಿಲ್ಲ, ಯಾರೆಂದು ಗೊತ್ತಾದರೆ ತಾನೆ ನಗುವುದು. ಕಳೆದ ವರ್ಷ ನನ್ನ ಕೋಣೆಯ ಮಾಲೀಕ ಒಂದು ಫಾರಂ ಕೊಟ್ಟ. ತುರ್ತು ಸಮಯದಲ್ಲಿ ಯಾರಿಗೆ ತಿಳಿಸಬೇಕು ಎಂಬ ಜಾಗದಲ್ಲಿ ಅರ್ಧ ಗಂಟೆ ಪೆನ್ನು ಹಿಡಿದು ಕೂತು, ಕೊನೆಗೆ ನನ್ನದೇ ಇನ್ನೊಂದು ಮೊಬೈಲಿನ ನಂಬರು ಬರೆದು ಕೊಟ್ಟೆ.

ಕಚೇರಿಯಲ್ಲಿ ನನಗೆ ‘ಸಾಕ್ಷಪ್ಪ’ ಎಂದು ಹೆಸರು. ಇಟ್ಟವರು ದಾರದಕ್ಕ. ಈ ಬರಹ ಅವರ ಬಗ್ಗೆ. ನಡುವೆ ನನ್ನ ಬಗ್ಗೆ ಬರುವುದನ್ನೆಲ್ಲ ನಾನು ಮಾಡಿದ ಎಡವಟ್ಟಿನ ಖಾತೆಗೆ ಹಾಕಿಕೊಳ್ಳಿ.

ಕಚೇರಿ ಇರುವುದು ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಕಿರಿದಾದ ಮೆಟ್ಟಿಲು, ಹತ್ತಿ ಬಂದವರ ಉಸಿರು ಸುಧಾರಿಸಲು ಎರಡು ಕುರ್ಚಿ, ಆಮೇಲೆ ನನ್ನ ಮೇಜು, ಅದರಾಚೆ ನೋಟರಿ ಸಾಹೇಬರ ಕೋಣೆ. ನನ್ನ ಬೆನ್ನಿಗೆ ಒಂದು ಪ್ಲೈವುಡ್ ಗೋಡೆ, ಅದರ ಹಿಂದೆ ದಾರದಕ್ಕ. ಹೊರದೇಶಕ್ಕೆ ಹೋಗುವ ಕಾಗದಗಳನ್ನು ಬಿಡಿಬಿಡಿಯಾಗಿ ಕಳಿಸುವಂತಿಲ್ಲ, ನಡುವೆ ಯಾರಾದರೂ ಹಾಳೆ ಬದಲಾಯಿಸಿಬಿಟ್ಟರೆ ಎಂಬ ಭಯ. ಅದಕ್ಕೆ ಎಲ್ಲ ಹಾಳೆಗಳನ್ನು ಜೋಡಿಸಿ, ದಬ್ಬಣದಿಂದ ಎರಡು ತೂತು ಹಾಕಿ, ಹಸಿರು ದಾರ ಪೋಣಿಸಿ, ಹಿಂಬದಿಯಲ್ಲಿ ಗಂಟು ಹಾಕಿ, ಗಂಟಿನ ಮೇಲೆ ದುಂಡನೆಯ ಕೆಂಪು ಕಾಗದ ಅಂಟಿಸುತ್ತಾರೆ. ಅದರ ಮೇಲೆ ಸಾಹೇಬರು ಮುದ್ರೆ ಒತ್ತುತ್ತಾರೆ. ಅಲ್ಲಿಗೆ ಕಾಗದಕ್ಕೆ ಜೀವ ಬಂತು. ಆಮೇಲೆ ಯಾರಾದರೂ ಆ ಗಂಟನ್ನು ಬಿಚ್ಚಿದರೆ ಅದರ ಕತೆ ಮುಗಿಯಿತು.

ದಾರದಕ್ಕನಿಗೆ ಅರವತ್ತೊಂದು ವರ್ಷ. ಹದಿನೇಳರಲ್ಲಿ ಪುಸ್ತಕ ಹೊಲಿಯುವ ಕಾರ್ಖಾನೆಗೆ ಸೇರಿ, ಅದು ಬಾಗಿಲು ಹಾಕಿದ ಮೇಲೆ ಇಲ್ಲಿಗೆ ಬಂದವರು. ಅವರ ಕಟ್ಟಿನಲ್ಲಿ ಹಾಳೆಗಳ ಅಂಚು ಒಂದು ಕೂದಲಿನಷ್ಟೂ ಆಚೀಚೆ ಆಗುವುದಿಲ್ಲ. ಆದರೆ ಕಾಗದದಲ್ಲಿ ಏನಿದೆ ಎಂದು ಮಾತ್ರ ಅವರು ಓದುವುದಿಲ್ಲ. ಹಾಳೆ ಎಣಿಸುತ್ತಾರೆ, ಅಷ್ಟೆ. ಯಾಕೆ ಎಂದು ಒಮ್ಮೆ ಕೇಳಿದ್ದೆ.

“ಓದಿದ್ರೆ ಕೈ ನಿಂತುಬಿಡತ್ತೆ,” ಎಂದರು. “ಇವರಿಗೆ ವಿಚ್ಛೇದನ ಆಯ್ತಂತೆ, ಇವರ ಮಗು ಆ ದೇಶಕ್ಕೆ ಹೋಗತ್ತಂತೆ ಅಂತ ಕೂತರೆ ಸಂಜೆಗೆ ಎಷ್ಟು ಕಟ್ಟು ಆಗತ್ತೆ? ಊರವರ ಸಂಕಟ ಓದೋಕೆ ಸಾಹೇಬ್ರಿದಾರೆ.”

“ಸಾಹೇಬ್ರು ಓದಲ್ಲ ಅಕ್ಕ. ನಾನು ಓದಿದೀನಿ ಅಂದ್ಕೊಂಡು ಸಹಿ ಹಾಕ್ತಾರೆ.”

“ನೀನು?”

“ನಾನು ಬಲ್ಲೆ ಅಷ್ಟೆ. ಓದೋದು ನನ್ನ ಕೆಲಸ ಅಲ್ಲ.”

ಆ ದಿನ ಇಬ್ಬರೂ ನಕ್ಕೆವು. ನಾಲ್ಕು ವರ್ಷದಲ್ಲಿ ನಮ್ಮಿಬ್ಬರ ನಡುವೆ ನಡೆದ ಅತಿ ಉದ್ದದ ಸಂಭಾಷಣೆ ಬಹುಶಃ ಅದೇ. ಟೀಗೆ ಸಕ್ಕರೆ ಕಡಿಮೆ ಇರಬೇಕು, ಒಂದೂವರೆಗೆ ಸರಿಯಾಗಿ ಗೋಡೆಯ ಕಡೆ ಮುಖ ಮಾಡಿ ಊಟದ ಡಬ್ಬಿ ಬಿಚ್ಚುತ್ತಾರೆ, ಇಷ್ಟು ಬಿಟ್ಟರೆ ಅವರ ಬಗ್ಗೆ ನನಗೆ ಬೇರೇನೂ ಗೊತ್ತಿರಲಿಲ್ಲ. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಬೆರಳು ದಪ್ಪದ ಪ್ಲೈವುಡ್ಡು.

ಆ ಪ್ಲೈವುಡ್ಡಿನ ಈಚೆಗೆ ಒಂದು ಬೆಳಗ್ಗೆ ದಾರದಕ್ಕ ತಾವಾಗಿ ಬಂದರು. ಕೈಯಲ್ಲಿ ಹೊರದೇಶದ ಅಂಚೆಚೀಟಿಯ ಲಕೋಟೆ.

“ಇದನ್ನ ಓದಿ ಹೇಳು. ಅವಸರ ಮಾಡಬೇಡ.”

ಒಂದು ಆರೈಕೆ ಕೇಂದ್ರದಿಂದ ಬಂದ ಪತ್ರ. ನಿಮ್ಮ ತಮ್ಮ ಎಂದು ಹೇಳಲಾಗುವ ಐವತ್ತೈದು ವರ್ಷದ ವ್ಯಕ್ತಿ ಮಿದುಳಿನ ಆಘಾತದ ನಂತರ ಎಂಟು ತಿಂಗಳಿಂದ ನಮ್ಮಲ್ಲಿದ್ದಾರೆ. ಓಡಾಡುತ್ತಾರೆ, ಉಣ್ಣುತ್ತಾರೆ. ನೆನಪು ಹೋಗಿದೆ. ಈ ದೇಶದ ಭಾಷೆಯೂ ಹೋಗಿದೆ, ಬಾಲ್ಯದ ಭಾಷೆ ಸ್ವಲ್ಪ ಉಳಿದಿದೆ. ಅವರ ಪೆಟ್ಟಿಗೆಯಲ್ಲಿ ನಿಮ್ಮ ವಿಳಾಸ ಸಿಕ್ಕಿತು. ಮೂರು ತಿಂಗಳೊಳಗೆ ನೀವು ಅವರ ಅಕ್ಕ ಎಂಬುದು ಕಾಗದಪತ್ರಗಳಿಂದ ಸಾಬೀತಾದರೆ ಅವರನ್ನು ನಿಮ್ಮ ಮನೆಗೆ ಕಳಿಸಬಹುದು. ಇಲ್ಲವಾದರೆ ಇಲ್ಲಿನ ಸರ್ಕಾರವೇ ಅವರ ಪಾಲಕ.

ದಾರದಕ್ಕ ನನ್ನ ಮೇಜಿನ ಅಂಚನ್ನು ಹಿಡಿದುಕೊಂಡು ಕೇಳಿಸಿಕೊಂಡರು.

“ಇದಾನೆ ಅಂತಾಯ್ತು,” ಎಂದರು.

ಆ ದಿನ ಕೇಳಿ ತಿಳಿದದ್ದು ಇಷ್ಟು. ತಂದೆ ತಾಯಿ ಬೇಗ ಹೋದರು. ತಮ್ಮನನ್ನು ಬೆಳೆಸಿದವರು ಇವರೇ. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಅವನು ಹಡಗು ಕಟ್ಟುವ ಕಡೆ ವೆಲ್ಡಿಂಗ್ ಕೆಲಸ ಸಿಕ್ಕಿತೆಂದು ಹೋದ. ಎರಡೇ ವರ್ಷ ಎಂದು ಹೇಳಿ ಹೋದವನು, ಮೂವತ್ತೊಂದು ವರ್ಷವಾಯಿತು. ಮೊದಮೊದಲು ತಿಂಗಳಿಗೊಂದು ಪತ್ರ, ಆಮೇಲೆ ವರ್ಷಕ್ಕೊಂದು. ಕೊನೆಯದು ಹತ್ತೊಂಬತ್ತು ವರ್ಷದ ಹಿಂದೆ: ಚೆನ್ನಾಗಿದ್ದೇನೆ, ಮನೆ ಬದಲಾಯಿಸುತ್ತಿದ್ದೇನೆ, ಹೊಸ ವಿಳಾಸ ಆಮೇಲೆ ಕಳಿಸುತ್ತೇನೆ. ಅಷ್ಟೆ. ದಾರದಕ್ಕ ಮಾತ್ರ ಮನೆ ಬದಲಾಯಿಸಲಿಲ್ಲ. ಸೂರು ಸೋರಿತು, ಕೆಳಗೆ ಗ್ಯಾರೇಜು ಬಂದು ದಿನವಿಡೀ ಗದ್ದಲವಾಯಿತು, ಆದರೂ ಅದೇ ಎರಡು ಕೋಣೆ. ಅವನ ಹತ್ತಿರ ಇರುವುದು ಆ ಒಂದು ವಿಳಾಸ ತಾನೆ.

“ಮದುವೆ ಅಕ್ಕ?” ಎಂದು ಕೇಳಿಬಿಟ್ಟೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

“ಮದುವೆಯಾಗಿಲ್ಲ ಅಂತ ನಿನ್ನ ಹತ್ರ ಒಂದು ಪ್ರಮಾಣಪತ್ರ ಮಾಡಿಸಿಕೊಡ್ಲಾ?” ಎಂದರು.

ಸಾಹೇಬರು ವಿಷಯ ಕೇಳಿ, ಎಲ್ಲ ಕೆಲಸ ಬದಿಗಿಡು ಎಂದರು. ಬೇಕಾಗಿದ್ದದ್ದು ಮೂರು. ದಾರದಕ್ಕನ ಸ್ವಂತ ಪ್ರಮಾಣಪತ್ರ, ಇಬ್ಬರ ಜನನ ದಾಖಲೆ, ಮತ್ತು ಅಕ್ಕ ತಮ್ಮ ಇಬ್ಬರನ್ನೂ ಬಲ್ಲ, ಸಂಬಂಧಿಕರಲ್ಲದ ಇಬ್ಬರು ಸಾಕ್ಷಿಗಳ ಪ್ರಮಾಣಪತ್ರ. ದಾಖಲೆಗಳು ಸಿಕ್ಕವು. ಮೊದಲ ಸಾಕ್ಷಿಯಾಗಿ ಅವರ ಮನೆಯ ಮಾಲೀಕರು ಬಂದರು. ಮೆಟ್ಟಿಲು ಹತ್ತಲು ಇಪ್ಪತ್ತು ನಿಮಿಷ ತೆಗೆದುಕೊಂಡ ಹಿರಿಯರು, ‘ಇವರಿಬ್ಬರನ್ನೂ ನಲವತ್ತು ವರ್ಷಗಳಿಂದ ಬಲ್ಲೆ’ ಎಂಬುದರ ಕೆಳಗೆ ಸಹಿ ಮಾಡಿದರು. ಎರಡನೆಯ ಸಾಕ್ಷಿ ಯಾರು ಎಂದು ಕೇಳಿದಾಗ ದಾರದಕ್ಕ ಕಿಟಕಿಯಾಚೆ ನೋಡಿದರು.

“ಇದ್ರು,” ಎಂದರು. “ಈಗ ಯಾರೂ ಇಲ್ಲ.”

ನನ್ನೊಳಗಿನ ಮಹಾಪುರುಷ ಎದ್ದು ನಿಂತ. “ನಾನಿದೀನಲ್ಲ ಅಕ್ಕ. ನನ್ನ ಕೆಲಸವೇ ಅದು. ದಿನಾ ಇಪ್ಪತ್ತು ಜನಕ್ಕೆ ಮಾಡ್ತೀನಿ, ನಿಮಗೆ ಮಾಡಲ್ವಾ?”

ಮಾಡಿದೆ. ಕಂಪ್ಯೂಟರಿನಲ್ಲಿ ಮಾಲೀಕರ ಪ್ರಮಾಣಪತ್ರವನ್ನೇ ತೆರೆದು, ಅವರ ಹೆಸರು ತೆಗೆದು ನನ್ನದು ಹಾಕಿ, ವಯಸ್ಸು ಇಪ್ಪತ್ತೇಳು ಎಂದು ತಿದ್ದಿ, ವಿಳಾಸ ಬದಲಾಯಿಸಿ, ಮುದ್ರಿಸಿ, ಸಹಿ ಹಾಕಿದೆ. ಐದು ನಿಮಿಷದ ಕೆಲಸ. ಸಾಹೇಬರು ಸಹಿ ಹಾಕಿದರು. ದಾರದಕ್ಕ ತಮ್ಮದೇ ಕಾಗದಕ್ಕೆ ತಾವೇ ದಾರ ಪೋಣಿಸಿದರು. ಅದನ್ನೂ ಓದಲಿಲ್ಲ, ಹನ್ನೊಂದು ಹಾಳೆ ಎಂದು ಎಣಿಸಿದರು. ಗಂಟು ಹಾಕುವಾಗ ಮಾತ್ರ ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ಇನ್ನು ಕಟ್ಟಿನ ಪ್ರಯಾಣ. ನಮ್ಮ ಸಾಹೇಬರ ಮುದ್ರೆ ನಿಜವೇ ಎಂದು ಜಿಲ್ಲೆಯ ಕಚೇರಿ ಮುದ್ರೆ ಹಾಕಿತು. ಜಿಲ್ಲೆಯ ಮುದ್ರೆ ನಿಜವೇ ಎಂದು ರಾಜಧಾನಿಯ ವಿದೇಶಾಂಗ ಕಚೇರಿ ಮುದ್ರೆ ಹಾಕಿತು. ವಿದೇಶಾಂಗದ ಮುದ್ರೆ ನಿಜವೇ ಎಂದು ಆ ದೇಶದ ರಾಯಭಾರ ಕಚೇರಿ ಇನ್ನೊಂದು ಹಾಕಿತು. ನಾಲ್ಕು ಮುದ್ರೆಯ ಆ ಕಟ್ಟು, ಮದುವಣಗಿತ್ತಿಯ ಹಾಗೆ ಸಿಂಗರಿಸಿಕೊಂಡು ವಿಮಾನ ಹತ್ತಿತು. ಎರಡು ತಿಂಗಳ ಮೇಲೆ ವಾಪಸ್ ಬಂತು, ಜೊತೆಗೆ ಬಹಳ ಮರ್ಯಾದೆಯ ಒಂದು ಪತ್ರ. ‘ಎರಡನೆಯ ಸಾಕ್ಷಿಯ ವಯಸ್ಸು ಇಪ್ಪತ್ತೇಳು ಎಂದಿದೆ. ಅವರು ಈ ಇಬ್ಬರನ್ನೂ ನಲವತ್ತು ವರ್ಷಗಳಿಂದ ಬಲ್ಲರೆಂದೂ ಇದೆ. ದಯವಿಟ್ಟು ವಿವರಿಸಿ.’

ನಾನು ಹುಟ್ಟುವುದಕ್ಕೆ ಹದಿಮೂರು ವರ್ಷ ಮೊದಲೇ ದಾರದಕ್ಕನನ್ನು ಬಲ್ಲವನಾಗಿದ್ದೆ. ವಯಸ್ಸು ತಿದ್ದಿದವನು ಆ ಸಾಲು ತಿದ್ದಿರಲಿಲ್ಲ. ಅಷ್ಟು ಕಚೇರಿ ದಾಟಿದ ಕಾಗದವನ್ನು ಪೂರ್ತಿ ಓದಿದವರು ಕೊನೆಯಲ್ಲಿ ಕೂತ ಯಾರೋ ಒಬ್ಬರು ಮಾತ್ರ.

ಸಾಹೇಬರು ಕನ್ನಡಕ ತೆಗೆದಿಟ್ಟು ನನ್ನನ್ನು ನೋಡಿದರು. “ಮುಖ ಸರಿಯಾಗಿ ತೋರಿಸು, ನಲವತ್ತು ದಾಟಿದೆಯಾ ನೋಡೋಣ. ಇದರ ಅಡಿಯಲ್ಲಿ ನನ್ನ ಸಹಿ ಇದೆ ಗೊತ್ತಾ? ಸುಳ್ಳು ಪ್ರಮಾಣ ಅಂತಾರೆ ಇದಕ್ಕೆ.” ಆಮೇಲೆ ಧ್ವನಿ ತಗ್ಗಿಸಿ, “ನಾನೂ ಓದಬೇಕಿತ್ತು,” ಎಂದರು.

ಪ್ಲೈವುಡ್ಡಿನ ಆಚೆಗೆ ಹೋದೆ. ದಾರದಕ್ಕ ಪತ್ರದ ವಿಷಯ ಆಗಲೇ ಕೇಳಿಸಿಕೊಂಡಿದ್ದರು. ಗೋಡೆ ಅಷ್ಟೇ ದಪ್ಪ ತಾನೆ.

“ನಾನು ಇಪ್ಪತ್ತೊಂದರವಳಿದ್ದಾಗ ನೀನೆಲ್ಲಿದ್ದೆ ಸಾಕ್ಷಪ್ಪ?” ಎಂದರು. “ಎದುರು ಮನೆಯಲ್ಲಾ?”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಕತ್ತರಿ ತೆಗೆದುಕೊಂಡು, ವಾಪಸ್ ಬಂದ ಕಟ್ಟಿನ ದಾರವನ್ನು ತಾವೇ ಕತ್ತರಿಸಿದರು. ನಾನು ನೋಡಿದ ಹಾಗೆ, ಅವರು ಹಾಕಿದ ಗಂಟನ್ನು ಅವರೇ ಕತ್ತರಿಸಿದ್ದು ಅದೊಂದೇ ಸಲ.

ಗಡುವಿಗೆ ಉಳಿದಿದ್ದದ್ದು ಮೂರು ವಾರ. ನಾನು ಮತ್ತೆ ಸಾಕ್ಷಿ ಹೇಳುವಂತಿರಲಿಲ್ಲ. ನಿಜ ಬರೆದರೆ, ಅಕ್ಕನನ್ನು ನಾಲ್ಕು ವರ್ಷದಿಂದ ಅರ್ಧಂಬರ್ಧ ಬಲ್ಲೆ, ತಮ್ಮನನ್ನು ಕಂಡೇ ಇಲ್ಲ ಎಂದು ಬರೆಯಬೇಕು. ಬೇರೆ ಸಾಕ್ಷಿ ಹುಡುಕಲು ಒಂದು ಭಾನುವಾರ ಇಬ್ಬರೂ ಅವರ ರಸ್ತೆಯುದ್ದಕ್ಕೂ ನಡೆದೆವು. ತಮ್ಮನ ಜೊತೆ ವೆಲ್ಡಿಂಗ್ ಕಲಿತವನ ಮನೆಯಲ್ಲಿ ಈಗ ದಂತವೈದ್ಯರಿದ್ದಾರೆ. ಅಕ್ಕ ತಮ್ಮನ ಬಟ್ಟೆ ಹೊಲಿಯುತ್ತಿದ್ದ ಟೈಲರ್ ತೀರಿಕೊಂಡು ಆರು ವರ್ಷ. ಶಾಲೆಯ ಮೇಷ್ಟ್ರೊಬ್ಬರು ಸಿಕ್ಕರು. ನಮ್ಮನ್ನು ಕೂರಿಸಿ, ದಾರದಕ್ಕನನ್ನೇ ಗಮನವಿಟ್ಟು ನೋಡಿ, “ನೀವು ಯಾವ ಬ್ಯಾಚು?” ಎಂದು ಮೂರು ಸಲ ಕೇಳಿದರು. ಹಿಂದಿರುಗುವಾಗ ಪಾದಚಾರಿ ದಾರಿಯ ಕಟ್ಟೆಯ ಮೇಲೆ ಕೂತೆವು.

“ನೋಡು,” ಎಂದರು. “ಹುಟ್ಟಿದಾಗಿಂದ ಇದೇ ಊರು. ಎಲ್ಲೂ ಹೋಗಿಲ್ಲ. ಹೋದೋನು ಅವನು. ಇಲ್ಲಿ ಇದ್ದೂ ಇದ್ದೂ ಗೊತ್ತಿಲ್ಲದೋಳಾಗಿದ್ದು ನಾನು.”

ನಾನು ಚಪ್ಪಲಿಗೆ ಕಲ್ಲು ಸಿಕ್ಕಿದೆ ಎಂಬಂತೆ ಬಗ್ಗಿ ಸುಮ್ಮನೆ ಹುಡುಕಿದೆ.

ಸಾಹೇಬರು ಬಿಡಲಿಲ್ಲ. ಆ ದೇಶದ ಕಚೇರಿಗೆ ಬರೆದರು, ತಪ್ಪು ನಮ್ಮದು ಎಂದು ಒಪ್ಪಿಕೊಂಡು ಬರೆದರು. ಅವರು ಇನ್ನೊಂದು ದಾರಿ ಕೊಟ್ಟರು. ಎರಡನೆಯ ಸಾಕ್ಷಿ ಇಲ್ಲವಾದರೆ, ವಿಡಿಯೋ ಕರೆಯಲ್ಲಿ ಅಧಿಕಾರಿಯ ಎದುರು ತಮ್ಮನೇ ಅಕ್ಕನನ್ನು ಗುರುತಿಸಿದರೆ ಸಾಕು.

ಕರೆ ನಿಗದಿಯಾದ ದಿನ ದಾರದಕ್ಕ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದರು. ಕೈಚೀಲದಲ್ಲಿ ಒಂದು ಹಳೆಯ ಫೋಟೋ: ಮೂವತ್ತು ವರ್ಷದ ಅಕ್ಕ, ಪಕ್ಕದಲ್ಲಿ ಹೊಸ ಸೂಟ್‌ಕೇಸ್ ಹಿಡಿದ ತಮ್ಮ. ಮನೆಯಲ್ಲಿ ಆಗಲೇ ಒಂದು ಮಂಚ ತಂದಿರಿಸಿದ್ದಾರೆ, ಹೊರಗಿನ ಕೋಣೆಯ ಸಾಮಾನೆಲ್ಲ ಒಳಗೆ ಹಾಕಿದ್ದಾರೆ ಎಂದು ಆ ದಿನ ತಿಳಿಯಿತು. ಸಾಹೇಬರ ಕಂಪ್ಯೂಟರಿನ ಮುಂದೆ ಅವರನ್ನು ಕೂರಿಸಿ, ನಾವಿಬ್ಬರೂ ಹಿಂದೆ ನಿಂತೆವು.

ಪರದೆಯಲ್ಲಿ ಮೊದಲು ಒಬ್ಬ ಮಹಿಳಾ ಅಧಿಕಾರಿ, ಪಕ್ಕದಲ್ಲಿ ದುಭಾಷಿ. ಆಮೇಲೆ ಕ್ಯಾಮೆರಾ ತಿರುಗಿತು. ಕಿಟಕಿಯ ಬಳಿ ನೀಲಿ ಸ್ವೆಟರು ಹಾಕಿಕೊಂಡ ಬೋಳುತಲೆಯ ವ್ಯಕ್ತಿ, ಅವರ ಕುರ್ಚಿಯ ಹಿಂದೆ ದಪ್ಪನೆಯ ದಾದಿ. ದಾರದಕ್ಕ ಒಂದು ಕೈಯನ್ನು ಪರದೆಯ ಹತ್ತಿರ ಒಯ್ದು ಹಾಗೆಯೇ ಹಿಂದೆ ತಂದರು.

ದುಭಾಷಿ ವಾರ್ತೆ ಓದುವವರ ಹಾಗೆ ಕೇಳಿದ: “ಪರದೆಯಲ್ಲಿ ಕಾಣುತ್ತಿರುವ ಮಹಿಳೆಯನ್ನು ತಾವು ಬಲ್ಲಿರಾ?”

ತಮ್ಮ ಬಹಳ ಹೊತ್ತು ನೋಡಿದ. ಆಮೇಲೆ ಕುರ್ಚಿಯಲ್ಲೇ ಸ್ವಲ್ಪ ನೆಟ್ಟಗೆ ಕೂತು, “ಯಾರೋ ದೊಡ್ಡೋರು,” ಎಂದ. “ನಮಸ್ಕಾರ. ಕೂತ್ಕೊಳ್ಳಿ.”

“ನಾನು ಕಣೋ, ಅಕ್ಕ,” ಎಂದರು ದಾರದಕ್ಕ. “ಅಕ್ಕ.”

ಅವನು ಮುಗುಳ್ನಕ್ಕ, ಗೊತ್ತಿಲ್ಲದವರು ಮಾತಾಡಿಸಿದಾಗ ನಗುವ ಹಾಗೆ. ಸಾಹೇಬರು ಹಿಂದಿನಿಂದ ಪಿಸುಗುಟ್ಟಿದರು, ಫೋಟೋ ಫೋಟೋ ಎಂದು. ದಾರದಕ್ಕ ಫೋಟೋ ಎತ್ತಿ ಹಿಡಿದರು. ಅವನ ಮುಖ ಒಮ್ಮೆಲೇ ಬೆಳಗಿತು.

“ನಮ್ಮಕ್ಕ,” ಎಂದ. ಮರುಕ್ಷಣ ಹುಬ್ಬು ಗಂಟಿಕ್ಕಿ ದುಭಾಷಿಯ ಕಡೆ ತಿರುಗಿದ. “ಇದು ಇವರ ಹತ್ರ ಹೇಗೆ ಬಂತು? ಕೇಳ್ರಿ. ನಮ್ಮಕ್ಕನ ಫೋಟೋ ಇದು.”

ಅವನ ಧ್ವನಿ ಏರುತ್ತಿತ್ತು. ದಾದಿ ಬಂದು ಭುಜದ ಮೇಲೆ ಕೈಯಿಟ್ಟು, ನಮ್ಮ ಭಾಷೆಯಲ್ಲೇ, ತೊದಲುತ್ತಾ, “ಸಾಕು. ಸಾಕು. ನೀರು ಬೇಕು?” ಎಂದಳು. ಅವನು ಅವಳ ಮುಖ ನೋಡಿ ತಣ್ಣಗಾದ. ನೀರು ಕುಡಿದ. ಲೋಟ ಹಿಂದೆ ಕೊಡುವಾಗ ಅವಳಿಗೇನೋ ಹೇಳಿ ನಕ್ಕ, ಅವಳೂ ನಕ್ಕಳು. ಅವನಿಂದಲೇ ಅವಳು ಹನ್ನೆರಡು ಮಾತು ಕಲಿತಿದ್ದಾಳೆ ಎಂದು ದುಭಾಷಿ ವಿವರಿಸಿದ. ದಾರದಕ್ಕ ಅವರಿಬ್ಬರನ್ನೂ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಫೋಟೋವನ್ನು ಇನ್ನೂ ಎತ್ತಿ ಹಿಡಿದೇ ಇದ್ದರು. ಇಳಿಸುವುದು ಅವರಿಗೆ ಮರೆತುಹೋಗಿತ್ತು.

ಕರೆ ಮುಗಿದ ಮೇಲೆ ಸಾಹೇಬರು ಕೋಣೆಯಲ್ಲಿ ಆಚೀಚೆ ನಡೆದರು. “ಫೋಟೋ ಗುರುತಿಸಿದಾನೆ. ಅಷ್ಟು ಸಾಕು ನನಗೆ. ಅದನ್ನೇ ಹಿಡಿದು ಮೇಲ್ಮನವಿ ಹಾಕ್ತೀನಿ. ಮೂರು ತಿಂಗಳು ಹಿಡಿಯತ್ತೆ, ಆದ್ರೆ ಗೆಲ್ತೀವಿ. ಅವನನ್ನ ಕರಕೊಂಡು ಬರ್ತೀವಿ.”

“ಬೇಡ ಸಾರ್,” ಎಂದರು ದಾರದಕ್ಕ.

“ಯಾಕೆ? ಇವನು ಮಾಡಿದ ಎಡವಟ್ಟಿಗೆ ಬೇಜಾರಾ?”

“ಇವನದೇನಿದೆ ಬಿಡಿ.” ಅವರು ಫೋಟೋವನ್ನು ಕೈಚೀಲದಲ್ಲಿಟ್ಟು ಜಿಪ್ ಎಳೆದರು. “ಅಲ್ಲಿ ಅವನಿಗೆ ಗೊತ್ತಿರೋಳು ಒಬ್ಬಳಾದ್ರೂ ಇದಾಳೆ. ಇಲ್ಲಿಗೆ ಕರಕೊಂಡು ಬಂದ್ರೆ ಅವನೂ ಗೊತ್ತಿಲ್ಲದೋರ ಜೊತೆ ಇರಬೇಕು, ನಾನೂ ಗೊತ್ತಿಲ್ಲದೋರ ಜೊತೆ ಇರಬೇಕು. ಮೂವತ್ತೊಂದು ವರ್ಷ ನಾನು ಕಾದಿದ್ದು ನಿಜ. ಅವನು ಕಾದಿಲ್ವಲ್ಲ.”

ಸಾಹೇಬರು ವಾದ ಮಾಡುವುದೇ ಕಸುಬಾಗಿರುವ ಮನುಷ್ಯ. ಮೇಲ್ಮನವಿಗೆಂದು ಕೈಗೆತ್ತಿಕೊಂಡ ಹಾಳೆಯನ್ನು ಮತ್ತೆ ಮೇಜಿನ ಮೇಲಿಟ್ಟರು.

ಮೇಲ್ಮನವಿಯ ಬದಲು ಒಂದೇ ಹಾಳೆಯ ಒಪ್ಪಿಗೆ ಪತ್ರ ಹೋಯಿತು: ಅವನು ಅಲ್ಲಿಯೇ ಇರಲು ನನ್ನ ಆಕ್ಷೇಪಣೆ ಇಲ್ಲ. ಆ ಹಾಳೆಯನ್ನು ದಾರದಕ್ಕ ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ನಾನೂ ಓದಿದೆ, ಎರಡು ಸಲ. ಅವರ ಸಹಿಗೆ ಸಾಕ್ಷಿ ನಾನೇ, ಎಷ್ಟು ಸಮಯದಿಂದ ಬಲ್ಲಿರಿ ಎಂಬ ಕಡೆ ನಾಲ್ಕು ವರ್ಷ ಮೂರು ತಿಂಗಳು ಎಂದು ಬರೆದೆ. ಬರೆದ ಮೇಲೂ ಹೆಚ್ಚೇ ಬರೆದೆನೇನೋ ಅನ್ನಿಸಿತು. ಸಂಜೆ ಆ ಮಂಚವನ್ನು ಅಂಗಡಿಗೆ ಹಿಂದಿರುಗಿಸಲು ಒಂದು ಕಡೆ ಹಿಡಿದುಕೊಂಡೆ. ಪ್ಲಾಸ್ಟಿಕ್ ಹೊದಿಕೆಯನ್ನು ಅವರು ತೆಗೆದೇ ಇರಲಿಲ್ಲ.

ಆ ಕೇಂದ್ರದವರು ಒಂದು ಉಪಕಾರ ಮಾಡಿದರು. ಪ್ರತಿ ಬುಧವಾರ ಮಧ್ಯಾಹ್ನ ಮೂರಕ್ಕೆ ಹತ್ತು ನಿಮಿಷದ ಕರೆ. ದಾರದಕ್ಕ ಮೊಬೈಲನ್ನು ಅಂಟಿನ ಡಬ್ಬಿಗೆ ಒರಗಿಸಿಟ್ಟು ಕೂರುತ್ತಾರೆ. ನಾನು ಪ್ಲೈವುಡ್ಡಿನ ಈಚೆ, ಕೇಳಿಸಿಕೊಳ್ಳಬಾರದು ಎಂದುಕೊಂಡೇ ಎಲ್ಲವನ್ನೂ ಕೇಳಿಸಿಕೊಳ್ಳುತ್ತೇನೆ. ಮೊದಲ ವಾರ ಅವರು ಅಕ್ಕ ಎಂದು ಹೇಳಲು ಹೋದರು. ಅವನು ಗಾಬರಿಯಾದ. ಎರಡನೆಯ ವಾರವೂ ಹಾಗೆಯೇ. ಮೂರನೆಯ ವಾರ ಅವನು “ಯಾರು ಮಾತಾಡ್ತಿರೋದು?” ಎಂದಾಗ, “ನಿಮ್ಮ ಊರಿನವಳು,” ಎಂದರು. ಅಂದಿನಿಂದ ಮಾತು ಸಲೀಸಾಯಿತು. ಊರಲ್ಲಿ ಸೆಕೆಯೇ, ಬಸ್ಸು ಸರಿಯಾಗಿ ಬರುತ್ತದೆಯೇ ಎಂದೆಲ್ಲ ಅವನು ಕೇಳುತ್ತಾನೆ. ಅವರೂ ಅವನಿಗೆ ನೀವು ತಾವು ಎಂದೇ ಉತ್ತರಿಸುತ್ತಾರೆ.

ಕಳೆದ ಬುಧವಾರ ಅವನು ಕೇಳಿದ.

“ನಿಮ್ಮ ಊರಲ್ಲೇ ನಮ್ಮಕ್ಕ ಇದಾಳೆ. ಪುಸ್ತಕ ಹೊಲಿಯೋ ಕೆಲಸ. ನೋಡಿದೀರಾ?”

ದಾರದಕ್ಕನ ಕುರ್ಚಿ ಕಿರ್ರೆಂದಿತು. “ನೋಡಿದೀನಿ.”

“ಹೇಗಿದಾಳೆ?”

“ಚೆನ್ನಾಗಿದಾಳೆ.”

“ಒಬ್ಬಳೇ ಇದಾಳಾ?”

ನನ್ನ ಮೇಜಿನ ಮುಂದೆ ಬಾಡಿಗೆ ಕರಾರಿನವರೊಬ್ಬರು ಸಹಿಗಾಗಿ ಕಾದು ನಿಂತಿದ್ದರು. ನಾನು ಪೆನ್ನಿನ ಮುಚ್ಚಳ ತೆಗೆದು ಹಾಗೆಯೇ ಹಿಡಿದುಕೊಂಡೆ.

“ಇಲ್ಲ ಇಲ್ಲ,” ಎಂದರು ದಾರದಕ್ಕ. “ಮನೆ ತುಂಬ ಜನ.”

“ಹಾಗಾದ್ರೆ ಸರಿ,” ಎಂದ ಅವನು. “ಕೇಳಿದೆ ಅಂತ ಹೇಳಿ.”

“ಹೇಳ್ತೀನಿ,” ಎಂದರು.